ಬೀಗದ ಕೈ ಗೊಂಚಲು

18 ಆಗಸ್ಟ್ 2024, ಭಾನುವಾರ
ಮೈಸೂರು

ಅಮ್ಮನ ಚಿತ್ರದ ಬಣ್ಣ ಇವತ್ತೂ ಒಣಗಿಲ್ಲ. ಮಳೆಗಾಲದಲ್ಲಿ ಎಣ್ಣೆ ಬಣ್ಣಕ್ಕೆ ಕೈ ಹಾಕಿದ್ದು ನನ್ನದೇ ತಪ್ಪು. ಇದು ಬಟ್ಟೆಯ ಹಾಗೆ ನೀರಾರಿ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗಬೇಕು. ಅಂಬರ್ ಎಂಬ ಕಂದು ಬಣ್ಣ ಬೇಗ ಒಣಗುತ್ತದೆ, ಕಪ್ಪು ವಾರವಾದರೂ ಕೈಗೆ ಅಂಟುತ್ತದೆ. ಅಮ್ಮನ ಕೂದಲು ಪೂರ್ತಿ ನರೆತಿದ್ದರೂ ಚಿತ್ರದಲ್ಲಿ ಕಪ್ಪು ಮಾಡಿದ್ದೆನಲ್ಲ, ಅದರ ಶಿಕ್ಷೆ ಇರಬೇಕು.

ಹಳೆಯ ಕ್ರಮದಲ್ಲೇ ಮಾಡಬೇಕೆಂಬ ಹಟ ನನಗೆ. ಮೊದಲು ಕ್ಯಾನ್ವಾಸಿಗೆ ತೆಳುವಾಗಿ ಕಂದು ಬಳಿದೆ. ಅದರ ಮೇಲೆ ಮುಖ, ಕೈಗಳನ್ನು ಮಣ್ಣಿನ ಹಸಿರಿನಲ್ಲಿ ತಿದ್ದಿದೆ. ಮೈಬಣ್ಣದ ಕೆಳಗೆ ಹಸಿರಿದ್ದರೆ ನೆರಳಿನ ಭಾಗ ತಂಪಾಗಿ ಕಾಣುತ್ತದೆ, ಮೇಲಿನ ಕೆಂಪು ಎದ್ದು ಬರುತ್ತದೆ. ಅಮ್ಮ ಆ ಹಂತದಲ್ಲಿ ನೋಡಿ, "ಪಾಚಿ ಕಟ್ಟಿದ ಹಾಗಿದೆಯಲ್ಲೇ ನನ್ನ ಮುಖ" ಅಂದಿದ್ದಳು. ಕೆಳಗಿನ ಪದರದಲ್ಲಿ ಬಣ್ಣ ತೆಳುಮಾಡುವ ಟರ್ಪೆಂಟೈನ್ ಜಾಸ್ತಿ, ಮೇಲೆ ಹೋದಂತೆ ಎಣ್ಣೆ ಜಾಸ್ತಿ. ಇದು ತಿರುಗುಮುರುಗಾದರೆ ಮೇಲಿನದು ಮೊದಲು ಒಣಗಿ ಬಿರುಕು ಬಿಡುತ್ತದೆ.

ಕೆಲಸದ ಕ್ರಮ ಸರಿಯಿತ್ತು. ಎಡವಿದ್ದು ಬೇರೆ ಕಡೆ. ಅಮ್ಮನ ಸೊಂಟಕ್ಕೆ ಒಂದು ಬೀಗದ ಕೈ ಗೊಂಚಲು ಸಿಕ್ಕಿಸಿದ್ದೆ. ಮನೆಯ ಯಜಮಾನಿಕೆಯೂ ಅದೇ, ಮನೆಯೊಳಗಿನ ಸೆರೆಯೂ ಅದೇ ಅಂತ ನನ್ನ ದೊಡ್ಡ ಲೆಕ್ಕಾಚಾರ. ಇವತ್ತು ಕಾಫಿ ತಂದವಳು ನೋಡಿ ನಕ್ಕುಬಿಟ್ಟಳು.

"ಇದು ನನ್ ಹತ್ರ ಯಾವಾಗ ಇತ್ತೇ? ನಿಮ್ಮಜ್ಜಿ ಹೋಗೋವರೆಗೂ ಅವರ ಸೊಂಟದಲ್ಲೇ ಇತ್ತು. ಸಕ್ಕರೆ ಬೇಕಂದ್ರೂ ಕೇಳ್ಬೇಕಿತ್ತು. ನನ್ ಕೈಗೆ ಬರೋ ಹೊತ್ತಿಗೆ ಉಗ್ರಾಣಕ್ಕೆ ಬೀಗ ಹಾಕೋದೇ ನಿಂತುಹೋಗಿತ್ತು."

ನಾನು ಸುಮ್ನಾದೆ. ಮೂವತ್ತು ವರ್ಷ ಆಕೆ ಕೇಳಿ ಕೇಳಿ ಪಡೆದದ್ದನ್ನು ನಾನು ಕುಂಚದಲ್ಲಿ ಒಂದು ಮಧ್ಯಾಹ್ನ ಕೊಟ್ಟುಬಿಟ್ಟಿದ್ದೆ.

ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ವಾದ್ಯಗಾರ್ತಿಯರು ನೆನಪಾದರು. ಚಿಕ್ಕಂದಿನಿಂದ ನೋಡಿದ ಚಿತ್ರ, ಹನ್ನೊಂದು ಹೆಂಗಸರು. ಸೀರೆ, ಒಡವೆ, ವಾದ್ಯ ನೋಡಿ ಯಾರು ಯಾವ ಸೀಮೆಯವರೆಂದು ಹೇಳಬಹುದು. ಬಣ್ಣದ ಕೆಲಸಕ್ಕೆ ಕೈ ಮುಗಿಯಬೇಕು. ಆದರೆ ಮುಖಗಳು? ನನಗೆ ಎಲ್ಲರೂ ಅಕ್ಕತಂಗಿಯರ ಹಾಗೇ ಕಾಣುತ್ತಾರೆ. (ಅದೇ ಅರಮನೆಯ ದೀಪ ಹಿಡಿದ ಹುಡುಗಿಯನ್ನೂ ರವಿವರ್ಮನ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅದು ಹಳದಣಕರ್ ಎಂಬ ಕಲಾವಿದರು ತಮ್ಮ ಮಗಳನ್ನು ನಿಲ್ಲಿಸಿ ಬರೆದದ್ದು, ಅದೂ ಜಲವರ್ಣದಲ್ಲಿ.)

ಸಾಯಂಕಾಲ ಇಟಲಿಯ ಚಿತ್ರಗಾರ್ತಿ ಆರ್ಟೆಮೀಸಿಯಾ ಜೆಂಟಿಲೆಸ್ಕಿಯ ಚಿತ್ರ ತೆಗೆದು ನೋಡಿದೆ. 1638ರ ಸುಮಾರಿಗೆ ಬರೆದದ್ದು. ತನ್ನನ್ನೇ 'ಚಿತ್ರಕಲೆ' ಎಂಬ ಹೆಣ್ಣಾಗಿ ಬರೆದುಕೊಂಡಿದ್ದಾಳೆ. ಇಂಥ ಸಂಕೇತಗಳಿಗೆ ಆಗ ಇಟಲಿಯಲ್ಲಿ ಚೆಸಾರೆ ರೀಪಾ ಎಂಬವನ ಪುಸ್ತಕ ಇತ್ತು. ಚಿತ್ರಕಲೆ ಎಂದರೆ ಕೆದರಿದ ಕಪ್ಪು ಕೂದಲು, ಕತ್ತಿನಲ್ಲಿ ಮುಖವಾಡ ತೂಗುವ ಚಿನ್ನದ ಸರ, ಬಾಯಿಗೆ ಕಟ್ಟಿದ ಬಟ್ಟೆ ಎಂದು ಅವನ ಅಪ್ಪಣೆ. ಆರ್ಟೆಮೀಸಿಯಾ ಕೂದಲು ಕೆದರಿಕೊಂಡಳು, ಸರ ಹಾಕಿಕೊಂಡಳು. ಬಾಯಿಗೆ ಬಟ್ಟೆ ಮಾತ್ರ ಕಟ್ಟಿಕೊಳ್ಳಲಿಲ್ಲ. ನೋಡುವವರ ಕಡೆ ತಿರುಗುವುದೂ ಇಲ್ಲ, ತೋಳು ಮೇಲೆತ್ತಿ ಕೆಲಸ ಮಾಡುತ್ತಿದ್ದಾಳೆ ಅಷ್ಟೇ.

ರಾತ್ರಿ ಊಟವಾದ ಮೇಲೆ ಗೊಂಚಲನ್ನು ಚಾಕುವಿನಿಂದ ಕೆರೆದು, ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದೆ. ಪೂರ್ತಿ ಹೋಗಲಿಲ್ಲ. ಅದರ ಮೇಲೆ ಸೀರೆಯ ಕೆಂಪು ಎಳೆದೆ. ವರ್ಷಗಳು ಕಳೆದ ಹಾಗೆ ಎಣ್ಣೆ ಬಣ್ಣ ಪಾರದರ್ಶಕವಾಗುತ್ತದೆ, ಮುಚ್ಚಿದ್ದು ಮಸುಕಾಗಿ ಮೇಲೆ ಬರುತ್ತದೆ. ಬರಲಿ, ಆಗ ನಾನಿರುವುದಿಲ್ಲ.

ಈಗಲೂ ಆ ಜಾಗ ಸ್ವಲ್ಪ ಉಬ್ಬಿದ ಹಾಗಿದೆ. ಅಮ್ಮ ಮಲಗುವ ಮುಂಚೆ ಬಂದು ಕನ್ನಡಕ ಏರಿಸಿ ನೋಡಿದಳು.

"ಇದ್ ಸರಿ. ಅಲ್ಲೇನೋ ಸಿಕ್ಕಿಸ್ಕೊಂಡಿದ್ದೀನಿ ಅನ್ಸುತ್ತೆ."

"ಏನಮ್ಮ?"

"ಚಿಲ್ಲರೆ ಕಾಸು. ನಿಮ್ಮಜ್ಜಿಗೆ ಗೊತ್ತಾಗ್ದಂಗೆ ಇಟ್ಕೊಳ್ತಿದ್ದೆ."

ಉಬ್ಬನ್ನು ಹಾಗೇ ಬಿಟ್ಟಿದ್ದೇನೆ. ಟರ್ಪೆಂಟೈನ್ ವಾಸನೆಗೆ ಅವಳಿಗೆ ತಲೆನೋವಂತೆ, ಕಿಟಕಿ ತೆಗೆದಿಟ್ಟು ಬರಬೇಕು.