ತಪ್ಪು ಬಸ್ಸು
ಇಂದು ಮೈಸೂರಿನಲ್ಲಿ ತಪ್ಪು ಬಸ್ಸು ಹತ್ತಿದೆ. ಕಂಡಕ್ಟರ್ ನಕ್ಕು ಮುಂದಿನ ನಿಲ್ದಾಣದಲ್ಲಿ ಇಳಿಸಿದರು. ಬಿಸಿಲು ಬೇರೆ. ಕೃಷ್ಣರಾಜ ಬುಲೆವಾರ್ಡಿನ ಮರಗಳ ನೆರಳು ಹಿಡಿದು ನಡೆಯುತ್ತಿದ್ದವನಿಗೆ ಎದುರಾದದ್ದು ಹಳೆಯ ಹಸ್ತಪ್ರತಿಗಳನ್ನು ಕಾಪಾಡುವ ಪ್ರಾಚ್ಯವಿದ್ಯಾ ಸಂಶೋಧನಾಲಯ. ಎಷ್ಟೋ ವರ್ಷಗಳಿಂದ ‘ಒಮ್ಮೆ ನೋಡಬೇಕು’ ಎಂದು ಮುಂದೂಡುತ್ತಲೇ ಬಂದಿದ್ದ ಕಟ್ಟಡ. ಹುಡುಕುವ ಬಳ್ಳಿ ಕಾಲಿಗೆ ತೊಡರಿದಂತಾಯಿತು. (ನಾನು ಹುಡುಕಿರಲೇ ಇಲ್ಲ, ಅದು ಬೇರೆ ಮಾತು.)

ಆ ಕಟ್ಟಡಕ್ಕೂ ಇಂಥದ್ದೇ ಒಂದು ಕಥೆಯಿದೆ. ಕಳೆದ ಶತಮಾನದ ಆರಂಭದಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ಇಲ್ಲಿಗೆ ಕೊಟ್ಟು ಹೋದರು. ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದುತ್ತಾ ಹೋದರೆ, ಅದು ಕೌಟಿಲ್ಯನ ಅರ್ಥಶಾಸ್ತ್ರ! ಶತಮಾನಗಳ ಕಾಲ ಬೇರೆಯವರ ಉಲ್ಲೇಖಗಳಲ್ಲಷ್ಟೇ ಉಳಿದಿದ್ದ ಕೃತಿ 1909ರಲ್ಲಿ ಅಚ್ಚಾಯಿತು. ಕಾಕತಾಳೀಯ ಎಂದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಕಟ್ಟು ತಾನಾಗಿ ಬಂದದ್ದು ನಿಜ, ಆದರೆ ಅದನ್ನು ಓದಬಲ್ಲ ಕಣ್ಣೊಂದು ಅಲ್ಲಿ ಮೊದಲೇ ಕುಳಿತಿತ್ತಲ್ಲ.

ನಾನು ಮಾತ್ರ ಗೇಟಿನ ಮುಂದೆ ಒಂದು ಫೋಟೋ ತೆಗೆದುಕೊಂಡು, ಹೋಗಬೇಕಿದ್ದ ಮದುವೆಗೆ ಕೊನೆಯ ಪಂಕ್ತಿಯ ಹೊತ್ತಿಗೆ ತಲುಪಿದೆ. ಹೋಳಿಗೆ ಮುಗಿದಿತ್ತು.