ಭಿಗವಣದ ಹಾವಕ್ಕಿ
ಪುಣೆದಿಂದ ಸೋಲಾಪುರ ರೋಡಿಗೆ ಸುಮಾರು ನೂರು ಕಿಲೋಮೀಟರ್ ಹೋದ್ರ ಭಿಗವಣ, ಭೀಮಾ ನದಿಗೆ ಕಟ್ಟಿದ ಉಜನಿ ಡ್ಯಾಮಿನ ಹಿನ್ನೀರು, ಎಲ್ಲಾರೂ ಫ್ಲೆಮಿಂಗೊ ನೋಡಾಕ ಬರ್ತಾರ ಆದ್ರ ನಂಗ ಹಾವಕ್ಕಿನ ಭಾಳ ಇಷ್ಟ. ಈಜುವಾಗ ಬರೇ ಕುತ್ತಿಗಿ ಹಾವಿನಂಗ ನೀರಿನ ಮ್ಯಾಲ ಕಾಣ್ತದ, ಪಟಕ್ನ ಮುಳುಗಿ ಮೀನಿನ ಪಕ್ಕಕ್ಕ ಚೂಪು ಕೊಕ್ಕು ಚುಚ್ಕೊಂಡು ಎದ್ದು ಬರ್ತದ, ಆಮ್ಯಾಲ ಮೀನು ಮ್ಯಾಲ ಚಿಮ್ಮಿಸಿ ತಲಿ ಕಡಿಂದನ ನುಂಗ್ತದ, ಬಾಲದ ಕಡಿಂದ ನುಂಗಿದ್ರ ಮುಳ್ಳು ಗಂಟಲಾಗ ಸಿಗ್ತಾವಲ್ಲ! ಆ ಚಿಮ್ಮಿಸೋ ಕ್ಷಣ ಫೋಟೋದಾಗ ಸಿಗಬೇಕಂದ್ರ ಕ್ಯಾಮೆರಾದ ಶಟರ್ ಸ್ಪೀಡ್ 1/2000 ಸೆಕೆಂಡ್ ಆದ್ರೂ ಇಡ್ರಿ, ಒಂದರ ಹಿಂದ ಒಂದು ಫೋಟೋ ತೆಗಿಯೋ ಬರ್ಸ್ಟ್ ಮೋಡ್ ಹಾಕ್ರಿ, ಸೂರ್ಯ ಬೆನ್ನಿಗಿರ್ಲಿ. ದೋಣಿ ಕಾಕಾಗ ಇನ್ನೂ ಹತ್ರ ಒಯ್ರಿ ಅಂತ ಮಾತ್ರ ಅನಬ್ಯಾಡ್ರಿ, ಹಕ್ಕಿ ಅಂಜಿ ಹಾರಿದ್ರ ಅದರ ಊಟ ತಪ್ತದ, ನಮ್ಮ ಒಂದು ಫೋಟೋಕ್ಕ ಅದ್ಯಾಕ ಉಪಾಸ ಇರಬೇಕು? ಇದ ಭೀಮಾ ಮುಂದ ನಮ್ಮ ಕಲಬುರಗಿ ಕಡಿ ಹರೀತದ, ಈ ಸಲ ಊರಿಗೆ ಹೋದಾಗ ಅಲ್ಲೇ ದಂಡಿಗೆ ಕೂತು ಹಾವಕ್ಕಿ ಹುಡುಕಬೇಕು.