ತಲೆಯ ಮೇಲೊಂದು ಮುಷ್ಟಿ ಜಾಗ

ನನ್ನ ಎತ್ತರ 6 ಅಡಿ 3 ಅಂಗುಲ, ಕಾರಿಗೆಂದು ಕೂಡಿಟ್ಟಿರುವುದು 12 ಲಕ್ಷ ರೂಪಾಯಿ. ಮೂರು ಶನಿವಾರಗಳು ಶೋರೂಮುಗಳಲ್ಲೇ ಕಳೆದವು. ಹ್ಯುಂಡೈ ವರ್ನಾದ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 2,670 ಮಿಲಿಮೀಟರ್, ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್‌ಗಳದ್ದು 2,651, ಹೋಂಡಾ ಸಿಟಿಯದ್ದು 2,600, ಎಲ್ಲ ಬಾಯಿಪಾಠವಾಗಿದೆ. ಆದರೆ ತಲೆಯ ಮೇಲೆ ಎಷ್ಟು ಜಾಗವಿದೆ ಎಂಬುದನ್ನು ವೀಲ್‌ಬೇಸ್ ಹೇಳುವುದಿಲ್ಲ. ಸನ್‌ರೂಫ್ ಇದ್ದ ಕಾರಿನಲ್ಲಿ ಕುಳಿತಾಗ ಕೂದಲು ಚಾವಣಿಗೆ ತಾಗಿತು. ಸನ್‌ರೂಫ್ ಇಲ್ಲದ, ಬೆಲೆಯೂ ಕಡಿಮೆಯಿದ್ದ ಮಾದರಿಯಲ್ಲಿ ಸೀಟನ್ನು ಪೂರ್ತಿ ಇಳಿಸಿ ಕುಳಿತೆ. ತಲೆಗೂ ಚಾವಣಿಗೂ ನಡುವೆ ಮುಷ್ಟಿ ಸಲೀಸಾಗಿ ಹಿಡಿಯಿತು. ಎಷ್ಟು ಸಂತೋಷವಾಯಿತೆಂದರೆ, ಅಲ್ಲೇ ಮುಂಗಡ ಕೊಟ್ಟುಬಿಡೋಣ ಎನ್ನಿಸಿತು.

ಆಗ ಅಪ್ಪ ಬಂದು ನನ್ನ ಹಿಂದಿನ ಸೀಟಿನಲ್ಲಿ ಕುಳಿತರು. ಅವರೂ ಆರಡಿಯ ಆಳು. "ನೀನು ಆರಾಮವಾಗಿ ಕುಳಿತುಕೋ, ನನಗೆ ಸಾಕಷ್ಟು ಜಾಗವಿದೆ" ಎಂದರು. ತಿರುಗಿ ನೋಡಿದರೆ ಮೊಣಕಾಲುಗಳನ್ನು ಎರಡೂ ಬದಿಗೆ ಸರಿಸಿಕೊಂಡಿದ್ದರು. ಚಿಕ್ಕಂದಿನಲ್ಲಿ ಸ್ಕೂಟರಿನ ಮುಂದೆ ನಾನು ನಿಲ್ಲಲೆಂದು ಹೀಗೆಯೇ ಕಾಲು ಅಗಲಿಸಿ ಕೂರುತ್ತಿದ್ದರು. ಏನೂ ಹೇಳದೆ ಸೀಟನ್ನು ಎರಡು ಹಲ್ಲು ಮುಂದಕ್ಕೆ ಎಳೆದುಕೊಂಡೆ.

ಬರುವ ಶನಿವಾರ ಮತ್ತೆ ಹೋಗುತ್ತೇವೆ. ಈ ಸಲ ಮೊದಲು ಅಪ್ಪ ಕೂರುತ್ತಾರೆ.